ಹಗ್ಗದ ಕೆಳಗೆ ದಾಟಿದ ಬುಟ್ಟಿ

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಕಂಡ ಒಂದು ದೃಶ್ಯ ಈ ವಾರವಿಡೀ ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ. ನಮ್ಮ ಬಡಾವಣೆಯ ಉದ್ಯಾನದ ಮೂಲೆಯಲ್ಲಿ ಹೊಸದಾಗಿ ಕಟ್ಟಿದ್ದ ನೈಲಾನ್ ಹಗ್ಗದ ಎದುರು ಸೊಪ್ಪು ಮಾರುವ ಹೆಂಗಸು ಅರೆಕ್ಷಣ ನಿಂತರು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಹರಿವೆ, ಬಸಳೆ, ಸಬ್ಬಸಿಗೆ ತುಂಬಿದ ಬುಟ್ಟಿ, ಬಗ್ಗುವಂತಿಲ್ಲ. ಅವರು ಕತ್ತನ್ನೂ ಬೆನ್ನನ್ನೂ ನೆಟ್ಟಗೇ ಇಟ್ಟುಕೊಂಡು ಮೊಣಕಾಲನ್ನಷ್ಟೇ ಮಡಿಸಿ ಕುಸಿದು, ಒಂದು ಕೈಯಿಂದ ಹಗ್ಗವನ್ನು ಎತ್ತಿ, ಒಂದು ಕಟ್ಟೂ ಅಲುಗದ ಹಾಗೆ ಆಚೆಗೆ ದಾಟಿ, ಎದ್ದು ನಡೆದರು.

ಹಗ್ಗ ಕಟ್ಟಿಸಿದವರು ಸಂಘದ ಅಧ್ಯಕ್ಷರು. ಆದರೆ ಅದರ ಮೂಲ ನನ್ನ ನಕ್ಷೆಯಲ್ಲಿದೆ.

ನಿವೃತ್ತಿಯಾದ ಮೇಲೆ ಉದ್ಯಾನ ವಿನ್ಯಾಸದ ಮೊದಲ ಪಾಠಗಳನ್ನು ಕಲಿಯಲು ಹೊರಟವನು ನಾನು. ಜಾಗವನ್ನು ಅಳೆದು 1:100ರ ಪ್ರಮಾಣದಲ್ಲಿ ಕಾಗದಕ್ಕೆ ಇಳಿಸುವುದು, ಉತ್ತರ ದಿಕ್ಕನ್ನು ಗುರುತಿಸುವುದು, ಈಗಾಗಲೇ ಇರುವ ಮರಗಳನ್ನು ಮೊದಲು ಬರೆದುಕೊಳ್ಳುವುದು, ಹೊಸ ಸಸಿಯನ್ನು ಇಂದಿನ ಅಳತೆಯಲ್ಲಲ್ಲದೆ ಅದು ಬಲಿತು ಹರಡಿದಾಗಿನ ಅಳತೆಯ ವೃತ್ತವಾಗಿ ತೋರಿಸುವುದು, ಇವನ್ನೆಲ್ಲ ಶಾಲೆಯ ಹುಡುಗನಷ್ಟೇ ಶ್ರದ್ಧೆಯಿಂದ ಕಲಿತೆ. ಆ ಉತ್ಸಾಹ ಅಧ್ಯಕ್ಷರ ಕಿವಿಗೆ ಬಿದ್ದು, ಮೂವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ನಮ್ಮ ಉದ್ಯಾನಕ್ಕೆ ನಾನೇ ನಕ್ಷೆ ಬರೆಯಬೇಕೆಂದಾಯಿತು. ಮಾವಿನ ಮರವನ್ನು ಬಳಸಿ ಹೋಗುವ ಬಾಗಿದ ದಾರಿಯೊಂದನ್ನು ಎಳೆದೆ. ಆ ಬಾಗನ್ನು ಎಳೆದದ್ದು ಮನೆಯ ಊಟದ ತಟ್ಟೆಯನ್ನು ಕಾಗದದ ಮೇಲಿಟ್ಟು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ಏಪ್ರಿಲ್‌ನಲ್ಲಿ ಅದಕ್ಕೆ ಕಡಪದ ಕಲ್ಲು ಹಾಸಿದರು. ಆದರೂ ಜನ ಮೂಲೆಯಿಂದ ಮೂಲೆಗೆ ಹುಲ್ಲು ತುಳಿದುಕೊಂಡು ನೇರವಾಗಿ ನಡೆಯುವುದನ್ನು ಬಿಡಲಿಲ್ಲ. ಅಧ್ಯಕ್ಷರು ಅದನ್ನು ಅಶಿಸ್ತು ಎಂದರು; ನಾನೂ ತಲೆಯಾಡಿಸಿದೆ.

ಸೋಮವಾರ ಆ ಹೆಂಗಸನ್ನು ನಾನು ಕೇಳಿದ್ದು ಇಷ್ಟು: "ಸುತ್ತು ಬಂದರೆ ಏನಮ್ಮ, ಹದಿನೈದು ಹೆಜ್ಜೆ ಹೆಚ್ಚಾಗ್ತದೆ ಅಷ್ಟೇ ಅಲ್ವಾ?"

"ಹೆಜ್ಜೆಗಲ್ಲ ಮೇಷ್ಟ್ರೇ. ಆ ಕಡೆ ಕಲ್ಲು ಜಾರ್ತದೆ. ಈ ಕಡೆ ನೀರು ನಿಲ್ಲಲ್ಲ" ಎಂದು ತಿರುಗಿಯೂ ನೋಡದೆ ಹೋದರು.

ಹದಿನೈದು ಹೆಜ್ಜೆಯ ಸೋಮಾರಿತನವೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅವರು ಹೇಳಿದ್ದು ನೆಲದ ಮಾತು. ಮೊದಲ ಮಳೆ ಬಿದ್ದು ಎರಡು ವಾರವಾಗಿದ್ದರೂ ನಾನು ಆ ದಾರಿಯಲ್ಲಿ ಒಮ್ಮೆಯೂ ನಡೆದಿರಲಿಲ್ಲ. ಮಳೆ ಜೋರಾದಾಗ ನಮ್ಮ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿ ಹೋಗಿ ತುಂಗಾ ನದಿಯಲ್ಲಿ ಅಲ್ಲಿನ ಮಂಟಪ ಮುಳುಗಿತೇ ಎಂದು ನೋಡಿ ಬರುವ ನನಗೆ, ಮನೆಯೆದುರಿನ ಉದ್ಯಾನದಲ್ಲಿ ನೀರು ಎಲ್ಲಿ ನಿಂತಿದೆ ಎಂದು ನೋಡಬೇಕೆನ್ನಿಸಿರಲಿಲ್ಲ. ಅಂದು ಹೋಗಿ ನೋಡಿದರೆ ಬಾಗಿನ ನಡುವೆ ಪಾದ ಮುಳುಗುವಷ್ಟು ನೀರಿತ್ತು. ಅಂಚಿನ ಕಲ್ಲುಗಳಿಗೆ ಆಗಲೇ ಹಸಿರು ಪಾಚಿ ಹಿಡಿದಿತ್ತು.

ಮರುದಿನ ಪರಿಚಯದ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ನೀರು ತುಂಬಿದ ಪಾರದರ್ಶಕ ಪೈಪ್ ಹಿಡಿದು ಮಟ್ಟ ನೋಡಿದೆವು. ಪೈಪಿನ ಎರಡು ತುದಿಗಳಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುವುದರಿಂದ ಎರಡು ಜಾಗಗಳ ಏರಿಳಿತವನ್ನು ಅದು ತಪ್ಪದೆ ಹೇಳುತ್ತದೆ. ನನ್ನ ದಾರಿಯ ಬಾಗು, ಜನ ತುಳಿದ ದಾರಿಗಿಂತ ಇಪ್ಪತ್ತು ಸೆಂಟಿಮೀಟರ್ ತಗ್ಗಿನಲ್ಲಿತ್ತು. ಸಾಲದ್ದಕ್ಕೆ ಕಲ್ಲನ್ನು ಅಡ್ಡಕ್ಕೆ ಎಳ್ಳಷ್ಟೂ ಇಳಿಜಾರಿಲ್ಲದೆ ಹಾಸಲಾಗಿತ್ತು. ಹಾಸುಗಲ್ಲಿನ ದಾರಿಗೆ ಐವತ್ತಕ್ಕೆ ಒಂದರಷ್ಟು ವಾಟ ಕೊಡಬೇಕೆಂಬುದು ಮೊದಲ ಪಾಠಗಳಲ್ಲೇ ಬರುತ್ತದೆ, ನಮ್ಮ 1.2 ಮೀಟರ್ ಅಗಲದ ದಾರಿಗೆ ಅದು ಎರಡೂವರೆ ಸೆಂಟಿಮೀಟರಿಗಿಂತಲೂ ಕಡಿಮೆ. ಜನ ತಾವಾಗಿ ತುಳಿದು ಮಾಡಿಕೊಳ್ಳುವ ದಾರಿ ಕಾಣುವವರೆಗೆ ಕಲ್ಲು ಹಾಸಬಾರದು, ಸಾಧ್ಯವಾದರೆ ಒಂದು ಮಳೆಗಾಲ ಕಾಯಬೇಕು ಎಂಬ ಸಾಲನ್ನೂ ನಾನು ಓದಿದ್ದೆ. ಓದಿದ್ದಷ್ಟೇ ಅಲ್ಲ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೆ.

ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ್ದು ಭೂಗೋಳವನ್ನು. ಒಂದೇ ಎತ್ತರದ ಜಾಗಗಳನ್ನು ನಕ್ಷೆಯಲ್ಲಿ ಸೇರಿಸುವ ಸಮೋನ್ನತಿ ರೇಖೆ ಎಂದರೇನು, ಅವು ಹತ್ತಿರವಾದರೆ ನೆಲ ಹೇಗಿರುತ್ತದೆ ಎಂದು ಸಾವಿರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ನಮ್ಮ ಜಿಲ್ಲೆಯಲ್ಲೇ ಇದೆಯೆಂದು ಹೆಮ್ಮೆಯಿಂದ ಹೇಳಿದ್ದೇನೆ. ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಲ್ಲಿ ಮಳೆಗಾಲಕ್ಕೆ ಮೊದಲು ತೋಟದ ಬಸಿಗಾಲುವೆಯ ಮಣ್ಣು ತೆಗೆಸದೆ ಬೇರೆ ಯಾವ ಕೆಲಸಕ್ಕೂ ಆಳು ಕರೆಯುತ್ತಿರಲಿಲ್ಲ. ಇಷ್ಟನ್ನು ಬೆನ್ನಿಗಿಟ್ಟುಕೊಂಡವನು ನಕ್ಷೆಯಲ್ಲಿ ಬೆಂಚು, ದಾಸವಾಳದ ಸಾಲು, ಕೇಪಳದ ಪೊದೆ ಎಲ್ಲವನ್ನೂ ಬರೆದು, ನೀರು ಹರಿಯುವ ದಿಕ್ಕಿಗೆ ಒಂದು ಬಾಣದ ಗುರುತನ್ನೂ ಹಾಕಿರಲಿಲ್ಲ. ತಲೆಹೊರೆ ಹೊತ್ತು ದಿನವೂ ಹಾದುಹೋಗುವವರು ಯಾರೆಂದೂ ಕೇಳಿರಲಿಲ್ಲ. ಸಂಜೆ ವಾಯುವಿಹಾರಕ್ಕೆ ಬರುವ ನನ್ನಂಥವರಿಗೆ ಬಾಗಿದ ದಾರಿ ಚೆಂದ, ಏಕೆಂದರೆ ನಮಗೆ ಎಲ್ಲಿಗೂ ಹೋಗಬೇಕಾಗಿಲ್ಲ.

ಅಧ್ಯಕ್ಷರು ಒಳ್ಳೆಯವರು, ಕೊಳವೆಬಾವಿ ಕೆಟ್ಟ ರಾತ್ರಿ ತಾವೇ ನಿಂತು ರಿಪೇರಿ ಮಾಡಿಸಿದ್ದನ್ನು ನಾನು ಮರೆತಿಲ್ಲ. ಆದರೆ ಉದ್ಯಾನವೆಂದರೆ ಅವರ ಕಣ್ಣಿಗೆ ಬರುವುದು ಬೃಂದಾವನವೊಂದೇ. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ (1926–41) ಕಾಶ್ಮೀರದ ಶಾಲಿಮಾರ್ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿಸಿದ ಆ ತೋಟದ ಸೊಗಸಿಗೆ ಅಣೆಕಟ್ಟಿನ ಹಿಂದೆ ಹಿಡಿದಿಟ್ಟ ನೀರೇ ಆಧಾರ. ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ನೆಲದ ಮೇಲೆ ಅದನ್ನು ಬೇಕಾದಲ್ಲಿಗೆ ಕರೆದೊಯ್ಯಬಹುದು. ನಮ್ಮಲ್ಲಿ ನೀರು ನಾಲ್ಕು ತಿಂಗಳು ತನಗೆ ತೋಚಿದಂತೆ ಮೇಲಿನಿಂದ ಸುರಿಯುತ್ತದೆ. ಬುಧವಾರ ಇದನ್ನು ವಿವರಿಸಿದಾಗ ಅವರು ಕೊನೆಯವರೆಗೂ ಕೇಳಿ, "ಹಾಗಾದರೆ ಲಾನ್ ಆದರೂ ಉಳಿಯುತ್ತಲ್ಲ ಮೇಷ್ಟ್ರೇ?" ಎಂದರು. ಈಗ ಬೆಳೆದಿರುವ ಗರಿಕೆಯೇ ಲಾನ್, ಗಣಪತಿಗೆ ಏರಿಸುವ ಆ ಹುಲ್ಲನ್ನೇ ಬೇರೆಡೆ ಬರ್ಮುಡಾ ಎಂದು ಕರೆದು ಹಾಸುತ್ತಾರೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ.

ಹೊಸ ನಕ್ಷೆಯಲ್ಲಿ ಜನ ತುಳಿದ ಗೆರೆಯೇ ದಾರಿ. ಅದಕ್ಕೆ ಒರಟು ಮೈಯ ಜಂಬಿಟ್ಟಿಗೆ ಕಲ್ಲು ಹಾಸಬೇಕೆಂದು ಬರೆದಿದ್ದೇನೆ. ತಗ್ಗಿಗೆ ನೀರನ್ನು ಹೊರಗೆ ಬಿಡುವ ಒಂದು ಕಾಲುವೆ, ಅದರ ಅಂಚಿಗೆ ಕೆಸು ಮತ್ತು ಲಾವಂಚ. ಕಡಪದ ಕಲ್ಲಿನ ಖರ್ಚನ್ನು ಸಭೆಯಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಉತ್ತರ ಕೊಡಬೇಕಾದವನು ನಾನೇ. ಸಭೆ ಭಾನುವಾರ. ಅಲ್ಲಿಯವರೆಗೆ ಹಗ್ಗ ಬಿಚ್ಚುವುದಕ್ಕೆ ಅಧ್ಯಕ್ಷರ ಒಪ್ಪಿಗೆ ಬೇಕು. ಅವರು ಮದುವೆಗೆಂದು ಸಾಗರಕ್ಕೆ ಹೋಗಿದ್ದಾರೆ.

ಇಂದು ಬೆಳಿಗ್ಗೆ ಏಳಕ್ಕೆ ನಾನು ಹಗ್ಗದ ಪಕ್ಕದಲ್ಲಿ ನಿಂತಿದ್ದೆ. ಸೊಪ್ಪಿನ ಹೆಂಗಸು ಬಂದಾಗ ಏನೂ ಹೇಳದೆ ಹಗ್ಗವನ್ನು ಎತ್ತಿ ಹಿಡಿದೆ. ಅವರು ಬುಟ್ಟಿಗೆ ಕೈ ಕೊಟ್ಟು ನಿಂತು, ಹಗ್ಗವನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

"ಇನ್ನೊಂಚೂರು ಮೇಲೆ ಹಿಡೀರಿ ಮೇಷ್ಟ್ರೇ" ಎಂದರು.