ನುಡಿ ಕಡತದಿಂದ ಅಚ್ಚಿನವರೆಗೆ: 176 ಪುಟದ ಪುಸ್ತಕವೊಂದರ ಕೆಲಸದ ದಾಖಲೆ

ಮೈಸೂರಿನ ಈ ವಿನ್ಯಾಸದ ಮೇಜಿನ ಮೇಲೆ ಸದ್ಯ ಎರಡು ಕೆಲಸ ಇವೆ. ಒಂದು, ಮಾನಸಗಂಗೋತ್ರಿಯ ಪಿಎಚ್‌ಡಿ ಪ್ರಬಂಧವನ್ನು ಡೆಮಿ 1/8 ಅಳತೆಯ ಪುಸ್ತಕ ಮಾಡುವುದು, 500 ಪ್ರತಿ. ಇನ್ನೊಂದು, ಮಂಡ್ಯದ ಸಂಘವೊಂದರ ಎ4 ಸ್ಮರಣ ಸಂಚಿಕೆ. ಮೊದಲನೆಯದು ಪ್ರೆಸ್‌ಗೆ ಹೋಗಿದೆ, ಎರಡನೆಯದು ಜಾಹೀರಾತಿಗಾಗಿ ಕಾದು ಕೂತಿದೆ.

ವಾರ 1: ಪಠ್ಯ

ಪ್ರಬಂಧ ಬಂದದ್ದು ವರ್ಡ್ ಕಡತದಲ್ಲಿ, ನುಡಿ ಎಂಬ ಕನ್ನಡ ಬರವಣಿಗೆ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ. ಈ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಬದಲಿಸಿದರೆ ಪುಟವೆಲ್ಲ ಕಲಸುಮೇಲೋಗರ. ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇರುವ ಯೂನಿಕೋಡಿಗೆ ತರದೆ ಬೇರೆ ದಾರಿಯಿಲ್ಲ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಒತ್ತಿದರೆ ನಿಮಿಷದ ಕೆಲಸ. ಕಷ್ಟವೆಲ್ಲ ಆಮೇಲೆ.

ಪಠ್ಯದ ನಡುವಿನ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿಯುತ್ತದೆ, ಏಕೆಂದರೆ ಅದಕ್ಕೆ ಎರಡೂ ಒಂದೇ ಸಂಕೇತ. ಗ್ರಂಥಸೂಚಿ ಪೂರ್ತಿ ಹಾಳಾಗುವುದು ಇಲ್ಲೇ. ಅದಕ್ಕೆ ಪರಿವರ್ತನೆಗೆ ಮೊದಲು ವರ್ಡ್‌ನಲ್ಲಿ ಫಾಂಟ್ ಹೆಸರು ಕೊಟ್ಟು ಇಂಗ್ಲಿಷ್ ತುಂಡುಗಳನ್ನೆಲ್ಲ ಹುಡುಕಿ, ಬೇರೆ ಕಡತಕ್ಕೆ ಸಾಗಿಸಿ, ಅವುಗಳ ಜಾಗದಲ್ಲಿ [[12]] ಎಂಬಂಥ ಗುರುತು ಇಡುವುದು. ಕೊನೆಯಲ್ಲಿ ಒಂದೊಂದಾಗಿ ವಾಪಸ್.

ಮುನ್ನುಡಿ ಯೂನಿಕೋಡಿನಲ್ಲೇ ಬಂತು, ಬೇರೆ ರೋಗ ಹೊತ್ತು. ‘ಬೆಂಗಳೂರು’ ಎನ್ನುವಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ: ‘ಬೆ೦ಗಳೂರು’. ಕಣ್ಣಿಗೆ ಒಂದೇ, ಆದರೆ ಹುಡುಕಿದರೆ ಸಿಗುವುದಿಲ್ಲ, ಕೆಲವು ಫಾಂಟುಗಳಲ್ಲಿ ಸೊನ್ನೆ ತುಸು ದಪ್ಪನಾಗಿ ಎದ್ದು ಕಾಣುತ್ತದೆ. ಗ್ರೆಪ್‌ನಲ್ಲಿ (ಮಾದರಿ ಕೊಟ್ಟು ಹುಡುಕುವ ಸೌಲಭ್ಯ) ಅಕ್ಷರದ ಬೆನ್ನಿಗೇ ಬರುವ ೦ ಮಾತ್ರ ಹುಡುಕಿ ಬದಲಿಸಬೇಕು. ಅಂಕಿಯ ಪಕ್ಕದ್ದನ್ನು ಮುಟ್ಟಿದರೆ ೨೦ ಹೋಗಿ ೨ಂ ಆಗುತ್ತದೆ. ‘ದುಃಖ’ದ ವಿಸರ್ಗದ ಜಾಗದಲ್ಲಿ ಕೋಲನ್ ಒತ್ತಿರುವುದು ಇದರದೇ ತಮ್ಮ.

ಶುಚಿ ಮಾಡುವ ಉತ್ಸಾಹದಲ್ಲಿ ‘ಕಾಣದ ಅಕ್ಷರಗಳನ್ನೆಲ್ಲ ತೆಗೆ’ ಎಂಬ ಆಜ್ಞೆ ಕೊಟ್ಟರೆ ಇನ್ನೊಂದು ಅನಾಹುತ. ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ, ‘ಸಾಫ್ಟ್‌ವೇರ್’ನಲ್ಲಿ ಟಕಾರದ ಕೆಳಗೆ ವಕಾರ ಒತ್ತಾಗಿ ನೇತಾಡುತ್ತದೆ. ಆ ಕಾಣದ ಜೋಡಕಗಳು ಕನ್ನಡಕ್ಕೆ ಬೇಕೇ ಬೇಕು.

ಇಷ್ಟಕ್ಕೆ ಹಿಡಿದದ್ದು 11 ಗಂಟೆ. ದರಪಟ್ಟಿಯಲ್ಲಿ ‘ಡಿಟಿಪಿ’ ಎಂಬ ಒಂದೇ ಸಾಲಿನೊಳಗೆ ಇದನ್ನು ಅಡಗಿಸಿದವರು ಆ 11 ಗಂಟೆ ಬಿಟ್ಟಿ ದುಡಿದಂತೆ.

ವಾರ 2: ಪುಟ

ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಮೊದಲ ಕೆಲಸ, ಪ್ಯಾರಾ ಸ್ಟೈಲ್‌ನ ಜಸ್ಟಿಫಿಕೇಶನ್‌ಗೆ ಹೋಗಿ ಕಂಪೋಸರನ್ನು ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಮಾಡುವುದು. ಮರೆತರೆ ಒತ್ತಕ್ಷರ ಬಿಡಿಬಿಡಿಯಾಗಿ, ಅರ್ಕಾವತ್ತು ಎಲ್ಲೆಲ್ಲೋ. ಲೆಟರ್ ಸ್ಪೇಸಿಂಗ್ ಮೂರೂ ಮನೆಗಳಲ್ಲಿ 0. ಸಾಲು ತುಂಬಿಸಲು ಅಕ್ಷರದ ನಡುವೆ ಜಾಗ ಹಿಗ್ಗಿಸಿದರೆ ಕನ್ನಡದ ಪದ ಹಲ್ಲುದುರಿದಂತೆ ಕಾಣುತ್ತದೆ. ಹಿಗ್ಗುವುದು ಪದಗಳ ನಡುವೆ ಮಾತ್ರ ಇರಲಿ.

ಒಳಪುಟಕ್ಕೆ ಟಿರೊ ಕನ್ನಡ, ಶೀರ್ಷಿಕೆಗೆ ಅನೇಕ್ ಕನ್ನಡ. ಎರಡೂ ಓಪನ್ ಫಾಂಟ್ ಲೈಸೆನ್ಸ್‌ನವು, ಮಾರುವ ಪುಸ್ತಕಕ್ಕೂ ಬಳಸಬಹುದು. ಟಿರೊದಲ್ಲಿ ಬೋಲ್ಡ್ ಇಲ್ಲ. ವರ್ಡ್‌ನಿಂದ ಬಂದ ಬೋಲ್ಡ್ ಪದಗಳೆಲ್ಲ ಗುಲಾಬಿ ಪಟ್ಟಿ ಹೊದ್ದು ಕಾಣಿಸಿಕೊಳ್ಳುತ್ತವೆ. ಅವಕ್ಕೆ ಅನೇಕ್‌ನ ಸೆಮಿಬೋಲ್ಡ್ ಅನ್ನು ಅರ್ಧ ಪಾಯಿಂಟ್ ಚಿಕ್ಕದಾಗಿ ಕೊಟ್ಟದ್ದಾಯಿತು.

ಮೊದಲು 12 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಲೀಡಿಂಗ್ (ಸಾಲಿನಿಂದ ಸಾಲಿಗೆ ಅಂತರ) ಇಟ್ಟಾಗ ಪುಟಕ್ಕೆ 29 ಸಾಲು, ಒಟ್ಟು 181 ಪುಟ. ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು, 16 ಪುಟದ್ದು; 11 ಫಾರಂ ಅಂದರೆ 176, 12 ಅಂದರೆ 192. ಐದು ಪುಟಕ್ಕಾಗಿ ಇನ್ನೊಂದು ಫಾರಂ ಓಡಿಸಿ 11 ಪುಟ ಖಾಲಿ ಬಿಡುವುದು ದಂಡ. ಲೀಡಿಂಗ್ 16.5ಕ್ಕೆ ಇಳಿಸಿದಾಗ 30 ಸಾಲು ಹಿಡಿದು 176ಕ್ಕೇ ಕೂತಿತು. ಇಳಿಸುವ ಮೊದಲು ‘ರಾಷ್ಟ್ರೀಯ’, ‘ಸ್ತ್ರೀ’, ‘ಶಾಸ್ತ್ರ’ ಇರುವ ಸಾಲುಗಳ ಕೆಳಗೆ ‘ಕೀ’, ‘ಥೀ’ ಬರುವ ಸಾಲಿಟ್ಟು ಪ್ರಿಂಟ್ ತೆಗೆದು ನೋಡಬೇಕು. ಎರಡಂತಸ್ತಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗಿದರೆ 16.5 ಸಾಧ್ಯವಿಲ್ಲ. ಇಲ್ಲಿ ತಾಗಲಿಲ್ಲ.

ವಾರ 3, 4: ಕರಡು

ಹೆಚ್ಚು ಹೇಳುವಂಥದ್ದೇನಿಲ್ಲ, ಸಮಯ ಮಾತ್ರ ಅತಿ ಹೆಚ್ಚು ತಿಂದದ್ದು ಇದೇ: 14 ಗಂಟೆ. ವಾಟ್ಸಾಪ್‌ನಲ್ಲಿ ಮಸುಕಾದ ಫೋಟೊ ಕಳಿಸಿ ‘ಇಲ್ಲೊಂದು ದೀರ್ಘ ಬೇಕು’ ಎಂದರೆ ಯಾವ ಪುಟ ಎಂದು ಹುಡುಕುವುದರಲ್ಲೇ ದಿನ ಮುಗಿಯುತ್ತದೆ. ಪುಟ, ಸಾಲು, ತಪ್ಪು, ಸರಿ ಎಂಬ ನಾಲ್ಕು ಕಾಲಮ್ಮಿನ ಹಾಳೆಯಲ್ಲಿ ಬಂದರೆ ಮಾತ್ರ ತಿದ್ದುಪಡಿ ಎಂಬ ಷರತ್ತನ್ನು ಮುಂಗಡದ ರಸೀದಿಯಲ್ಲೇ ಬರೆದಿಡುವುದು ಕ್ಷೇಮ. ಎರಡು ಸುತ್ತು ದರದೊಳಗೆ, ಮೂರನೆಯದಕ್ಕೆ ಬೇರೆ ದುಡ್ಡು. ಹಾಗೆ ಬರೆದಿದ್ದರಿಂದ ಮೂರನೇ ಸುತ್ತು ಬರಲಿಲ್ಲ.

ವಾರ 5: ಮುಖಪುಟ, ಪ್ರೆಸ್

ಬೆನ್ನಿನ ಅಗಲ ಊಹೆಯಲ್ಲಿ ಬರೆಯುವಂಥದ್ದಲ್ಲ. 176 ಪುಟ ಅಂದರೆ 88 ಹಾಳೆ. 70 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಮ್ಯಾಪ್‌ಲಿಥೋ ಹಾಳೆ ಸುಮಾರು 0.09 ಮಿಮೀ ಎಂದು ಹಿಡಿದರೆ 7.9, ಅದಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡಿನ ಎರಡು ಪದರ ಸೇರಿ 8.5. ಕಾಗದ ಬೇರೆ ಮಿಲ್ಲಿನದಾಗಿ 0.1 ಇದ್ದರೆ 9.4. ಈ ಒಂದು ಮಿಲಿಮೀಟರಿಗೇ ಬೆನ್ನಿನ ಬಣ್ಣ ಮುಖಪುಟಕ್ಕೆ ಇಣುಕುತ್ತದೆ. ಆದ್ದರಿಂದ ಪ್ರೆಸ್‌ನಿಂದ ಅದೇ ಕಾಗದದ 88 ಹಾಳೆ ತಂದು, ಆರ್ಟ್ ಕಾರ್ಡಿನ ಎರಡು ತುಂಡಿನ ಜೊತೆ ಬಿಗಿಹಿಡಿದು ವರ್ನಿಯರ್‌ನಲ್ಲಿ ಅಳೆದದ್ದು, 8.5 ಸರಿಯಿತ್ತು. ಸುತ್ತ 3 ಮಿಮೀ ಬ್ಲೀಡ್ (ಅಂಚು ಕತ್ತರಿಸುವಾಗ ಹೋಗುವ ಹೆಚ್ಚುವರಿ ಜಾಗ) ಸೇರಿಸಿ ಮುಖಪುಟದ ಕಡತ 294.5 × 222 ಮಿಮೀ. ಅಷ್ಟಾದರೂ ಬೆನ್ನಿನ ಅಂಚಿನಲ್ಲಿ ಗೆರೆ ಕೊಯ್ದಂತೆ ಬಣ್ಣ ಬದಲಿಸದಿರುವುದು ಒಳ್ಳೆಯದು. ಆರ್ಟ್ ಕಾರ್ಡಿನ ನಾರು ಬೆನ್ನಿಗೆ ಸಮಾಂತರವಾಗಿರಲಿ ಎಂದು ಬಾಯಿಬಿಟ್ಟು ಹೇಳಬೇಕು, ಇಲ್ಲವಾದರೆ ಮುಖಪುಟ ಸುರುಳಿ ಸುತ್ತಿಕೊಳ್ಳುತ್ತದೆ.

ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್‌ಗೆ ಭಾರತದಲ್ಲಿ ಶುಲ್ಕವಿಲ್ಲ. ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನ್‌ನಲ್ಲಿ ಪ್ರಕಾಶಕರೇ ಅರ್ಜಿ ಹಾಕಬೇಕು. ವಿನ್ಯಾಸಕರ ಪಾಲಿಗೆ ಉಳಿಯುವುದು ಬಾರ್‌ಕೋಡ್: 37.29 × 25.93 ಮಿಮೀ, ಬಿಳಿಯ ಮೇಲೆ ಕಪ್ಪು. ಕೆಂಪು ಗೆರೆ ಅಂದವಾಗಿ ಕಂಡೀತು, ಆದರೆ ಸ್ಕ್ಯಾನರಿನ ಕೆಂಪು ಬೆಳಕಿಗೆ ಅದು ಬಿಳಿಯೇ.

ಕಳಿಸುವ ಮುನ್ನ ಕೊನೆಯ ಪರೀಕ್ಷೆ: ಶಿಫ್ಟ್-ಎಫ್6 ಒತ್ತಿ ಸೆಪರೇಶನ್ (ಬಣ್ಣವಾರು ಪ್ಲೇಟುಗಳ ನೋಟ) ತೆರೆದು, ಕಪ್ಪು ಪ್ಲೇಟನ್ನು ಮರೆಮಾಡಿ ಪುಟ ಮಗುಚುವುದು. ಒಳಪುಟ ಪೂರ್ತಿ ಬೆಳ್ಳಗಾಗಬೇಕು. 43ನೇ ಪುಟದಲ್ಲಿ ಒಂದು ಕೋಷ್ಟಕ ಹಾಗೇ ಉಳಿಯಿತು. ವರ್ಡ್‌ನಿಂದ ಆರ್‌ಜಿಬಿ (ಪರದೆಯ ಬಣ್ಣದ) ಕಪ್ಪಾಗಿ ಬಂದು ನಾಲ್ಕೂ ಬಣ್ಣದಲ್ಲಿ ಒಡೆದಿತ್ತು. ಕಪ್ಪು 100ಕ್ಕೆ ತಂದ ಮೇಲೆ ಪಿಡಿಎಫ್/ಎಕ್ಸ್-1ಎ, ಅಂದರೆ ಅಚ್ಚಿಗೆಂದೇ ಇರುವ ಪಿಡಿಎಫ್.

ಲೆಕ್ಕ

ಪುಟ ವಿನ್ಯಾಸ ಪುಟಕ್ಕೆ 40ರಂತೆ 7,040 ರೂ., ಪರಿವರ್ತನೆ ಪುಟಕ್ಕೆ 10ರಂತೆ 1,760, ಮುಖಪುಟ 4,000. ಒಟ್ಟು 12,800. ಗಂಟೆಗಳು ಪಠ್ಯಕ್ಕೆ 11, ಪುಟಕ್ಕೆ 9, ಕರಡಿಗೆ 14, ಮುಖಪುಟಕ್ಕೆ 6, ಅಂದರೆ 40, ಗಂಟೆಗೆ 320. ಪರಿವರ್ತನೆಗೆ ಬೇರೆ ಸಾಲು ಹಾಕದಿದ್ದರೆ 276 ಆಗುತ್ತಿತ್ತು. ಅರ್ಧ ಮುಂಗಡ, ಉಳಿದದ್ದು ಅಚ್ಚಿನ ಪಿಡಿಎಫ್ ಕೊಡುವ ಮುನ್ನ. ಪುಸ್ತಕ ಬಿಡುಗಡೆಯಾದ ಮೇಲೆ ಎಂದು ಒಪ್ಪಿಕೊಂಡರೆ ಸಭಾಂಗಣ ಸಿಗುವವರೆಗೂ ಕಾಯಬೇಕು. ಸಂಘಸಂಸ್ಥೆಗಳ ಬಿಲ್ಲಿನ ಅಡಿಯಲ್ಲಿ ಉದ್ಯಮ್ ಸಂಖ್ಯೆ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯದು) ಹಾಕುವುದು ವಾಸಿ. ನೋಂದಣಿ ಉಚಿತ, ಕಿರು ಉದ್ಯಮಕ್ಕೆ 45 ದಿನದೊಳಗೆ ಪಾವತಿಯಾಗಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ.

ಮಂಡ್ಯದ ಸಂಚಿಕೆ

14 ಜಾಹೀರಾತುಗಳಲ್ಲಿ 9 ಬಂದಿವೆ. ನಾಲ್ಕು, ಉದ್ದದ ಬದಿ 1600 ಪಿಕ್ಸೆಲ್ ಇರುವ ಚಿತ್ರಗಳು; ಎ4 ಪೂರ್ತಿ ಪುಟಕ್ಕೆ ಹಿಗ್ಗಿಸಿದರೆ ಇಂಚಿಗೆ 137, ಅಕ್ಷರದ ಅಂಚೆಲ್ಲ ಗರಗಸ. ಅರ್ಧ ಪುಟದ ಎರಡನ್ನು ಪಠ್ಯ ಕೇಳಿ ಹೊಸದಾಗಿ ಕಂಪೋಸ್ ಮಾಡಿದ್ದಾಗಿದೆ. ಉಳಿದೆರಡರ ಮೂಲ ಕಡತ, ಬಾಕಿ ಐದು ಜಾಹೀರಾತು ಸೋಮವಾರದೊಳಗೆ ಬರಬೇಕು. ದಸರಾ ಹತ್ತಿರವಾಗಿ ಪ್ರೆಸ್‌ಗಳಲ್ಲಿ ಆಮಂತ್ರಣ, ಪೋಸ್ಟರುಗಳ ನೂಕುನುಗ್ಗಲು ಶುರುವಾದರೆ ಎ4 ಕೆಲಸಕ್ಕೆ ಮಷಿನ್ ಬಿಡುವಾಗುವುದು ಹಬ್ಬ ಕಳೆದ ಮೇಲೆಯೇ.