ದಮ್ಮಿನವರಿಗೆ ಟೊಂಕ ಯಾಕೆ ನೋಯುತ್ತದೆ ಎಂದು ಕೇಳುವವರಿಗೆ

"ದಮ್ಮು ಎದ್ಯಾಗ ಇರ್ತದ, ನಿಮಗ ಟೊಂಕ ಯಾಕ ನೋಯ್ತದ್ರಿ?" ಕಲಬುರಗಿಯ ನಮ್ಮ ಓಣಿಯಲ್ಲಿ ಈ ಪ್ರಶ್ನೆಯನ್ನು ಕೇಳದೆ ಉಳಿದವನು ಹಾಲಿನವನೊಬ್ಬನೇ, ಅವನಿಗೆ ಪುರುಸೊತ್ತಿಲ್ಲ. ಬಾಯಲ್ಲಿ ಉತ್ತರ ಹೇಳಹೋದರೆ ನಾಲ್ಕನೆಯ ಮಾತಿಗೆ ಉಸಿರಿಗಾಗಿ ನಿಲ್ಲಬೇಕಾಗುತ್ತದೆ, ನಾನು ನಿಂತ ಆ ಗಳಿಗೆಯಲ್ಲೇ ಕೇಳಿದವರು ತಮ್ಮ ನೆಗೆಣ್ಣಿಯ ಟೊಂಕದ ಕಥೆಯನ್ನು ಆರಂಭಿಸಿರುತ್ತಾರೆ. ಆದ್ದರಿಂದ ಬರೆದೇ ಇಡುತ್ತಿದ್ದೇನೆ.

ನಾನು ಬೀಡಿ ಸೇದಿದವಳಲ್ಲ. ಎರಡನೆಯ ಪ್ರಶ್ನೆ ಅದೇ ಎಂದು ಗೊತ್ತಿರುವುದರಿಂದ ಮೊದಲೇ ಹೇಳುತ್ತಿದ್ದೇನೆ. ನನ್ನದು ಸಿಓಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ, ಒಳಹೋದ ಗಾಳಿ ಪೂರ್ತಿಯಾಗಿ ಹೊರಬರದ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಶ್ರೀಮಂತ ದೇಶಗಳಲ್ಲಿ ಇದರ ಶೇಕಡ 70ಕ್ಕೂ ಹೆಚ್ಚು ಪ್ರಕರಣಗಳಿಗೆ ಧೂಮಪಾನ ಕಾರಣವಾದರೆ, ನಮ್ಮಂಥ ದೇಶಗಳಲ್ಲಿ ಅದರ ಪಾಲು 30ರಿಂದ 40 ಮಾತ್ರ. ಇಲ್ಲಿ ಮನೆಯೊಳಗಿನ ಹೊಗೆಯೂ ದೊಡ್ಡ ಕಾರಣ. ಬಡವರ ಮನೆಗೆ ಅಡುಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ ಬಂದದ್ದು 2016ರಲ್ಲಿ. ಚಿಂಚೋಳಿ ಕಡೆಯ ನಮ್ಮ ಊರಿನಲ್ಲಿ ನಾನು ತೊಗರಿ ಕಟ್ಟಿಗೆಯ ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತದ್ದು ಅದಕ್ಕೂ 40 ವರ್ಷ ಮುಂಚೆ, ನನ್ನ ಹನ್ನೊಂದನೆಯ ವಯಸ್ಸಿನಲ್ಲಿ.

ಇನ್ನು ಟೊಂಕದ ಮಾತು. ಕಳೆದ ವರ್ಷ ಬಂಧುಗಳ ಮನೆಯ ಕುಬಸಕ್ಕೆ ಹೋಗಿದ್ದೆ. ಎರಡನೆಯ ಮಹಡಿ. ಹತ್ತಿದ ಮೇಲೆ ಒಂದು ಕುರ್ಚಿ ಹಿಡಿದು, ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿ, ಮಾತಿಲ್ಲದೆ ಕುಳಿತಿದ್ದೆ. ಹಿಂದಿನಿಂದ ಬಂದ ಸೋದರತ್ತೆ, "ಹಿಂಗ ಬಗ್ಗಿ ಕೂತ್ರ ಟೊಂಕ ನೋಯದೆ ಏನ ಮಾಡ್ತದವ್ವ? ನೆಟ್ಟಗ ಕೂಡು!" ಎಂದವರೇ, ಎರಡೂ ಭುಜಗಳನ್ನು ಹಿಡಿದು, ನಡುಬೆನ್ನಿಗೆ ಮೊಣಕಾಲು ಕೊಟ್ಟು ಜಗ್ಗಿದರು. ಎಂಬತ್ತರ ಹತ್ತಿರದ ಆ ಕೈಗಳಿಗೆ ಅಷ್ಟು ಬಲ ಎಲ್ಲಿಂದ ಬಂತೋ ತಿಳಿಯದು. ನನ್ನ ಬಾಯಿ ತೆರೆದೇ ಇತ್ತು, ಗಾಳಿ ಮಾತ್ರ ಒಳಗೆ ಬರಲೊಲ್ಲದು. ಹಸಿರು ಬಳೆ ತೊಟ್ಟು ಕುಳಿತಿದ್ದ ಬಸುರಿ ಹುಡುಗಿಯೇ ಎದ್ದು ಬಂದು ನನಗೆ ನೀರು ಕೊಡಬೇಕಾಯಿತು. ಅತ್ತೆ ಅಷ್ಟಕ್ಕೇ ಬಿಡದೆ, "ನೋಡು, ಎಷ್ಟು ಬಿಗಿ ಆಗೇದ" ಎಂದು ಎಲ್ಲರಿಗೂ ತೋರಿಸಿದರು.

ಬಿಗಿಯಾಗಿದ್ದದ್ದು ನಿಜ. ಹೊರಬರದ ಗಾಳಿ ತುಂಬಿಕೊಂಡು ಶ್ವಾಸಕೋಶ ಊದಿದಾಗ, ಎದೆಗೂ ಹೊಟ್ಟೆಗೂ ನಡುವೆ ಕವುಚಿದ ಬುಟ್ಟಿಯಂತಿರಬೇಕಾದ ವಪೆ ಎಂಬ ಸ್ನಾಯು ಮೊರದಂತೆ ಚಪ್ಪಟೆಯಾಗುತ್ತದೆ. ಉಸಿರೆಳೆಯುವ ಅದರ ಕೆಲಸವನ್ನು ಕತ್ತು, ಭುಜಗಳ ಸ್ನಾಯುಗಳು ಹೊರಬೇಕಾಗುತ್ತದೆ. ಕೈಯನ್ನು ಊರಿ ಬಾಗಿ ಕುಳಿತಾಗ ಮಾತ್ರ ಅವುಗಳಿಗೆ ಆ ಹೊರೆ ಸ್ವಲ್ಪ ಹಗುರವಾಗುತ್ತದೆ. ರೊಟ್ಟಿ ಬಡಿಯುವುದೂ ಅವೇ ಸ್ನಾಯುಗಳು ಎಂಬುದು ನನಗೆ ತಿಳಿದದ್ದು ಮೂರನೆಯ ರೊಟ್ಟಿಗೆ ದಮ್ಮು ಹತ್ತತೊಡಗಿದ ಮೇಲೆ. ಬೆನ್ನುಹುರಿಯ ಸುತ್ತಲಿನ ಎಲುಬಿನ ಕಂಬವನ್ನು ಒಳಗಿನಿಂದ ಅದುಮಿ ಹಿಡಿಯುವುದರಲ್ಲಿಯೂ ವಪೆಗೆ ಪಾಲಿದೆ, ಅದು ಉಸಿರಾಟದಲ್ಲೇ ಸೋತಿದ್ದರೆ ಟೊಂಕವನ್ನು ಕಾಯುವವರಾರು? ಅದರ ಮೇಲೆ ಕೆಮ್ಮು. ತೊಗರಿ ರಾಶಿಯ ಕಾಲದ ದೂಳಿಗೆ ದಮ್ಮು ಕೆರಳಿದಾಗಲೆಲ್ಲ ಸ್ಟೆರಾಯ್ಡ್ ಗುಳಿಗೆ ನುಂಗಿದ್ದೇನೆ. ಅವು ಉಸಿರನ್ನು ಉಳಿಸಿದವು, ಎಲುಬನ್ನು ಸವೆಸಿದವು. ಎಲುಬಿನ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಎಲುಬು ಟೊಳ್ಳಾಗಿದೆ ಎಂದರ್ಥ. ನನ್ನದು ಮೈನಸ್ 2.8. ನೈಟಿಯನ್ನು ಉದ್ದ ಹೊಲಿದನೆಂದು ದರ್ಜಿಯೊಡನೆ ಎರಡು ಸಲ ಜಗಳವಾಡಿದ್ದೆ. ಎಕ್ಸ್‌ರೇ ನೋಡಿದ ವೈದ್ಯರು ಬೆನ್ನಿನ ಒಂದು ಎಲುಬು ಕುಸಿದಿದೆ ಎಂದಾಗ, ಗಿಡ್ಡಾದವಳು ನಾನೇ ಎಂದು ತಿಳಿಯಿತು. ದರ್ಜಿಗೆ ಇನ್ನೂ ಹೇಳಿಲ್ಲ.

ಟೊಂಕಕ್ಕೆ ಬಿಗಿಯಾದ ಬೆಲ್ಟು ಕಟ್ಟಿಕೊಳ್ಳಿ ಎನ್ನುವವರಿಗೆ: ಕಟ್ಟಿಕೊಂಡು ನೋಡಿದ್ದೇನೆ, ಹೊಟ್ಟೆ ಅದುಮಿದರೆ ಉಸಿರಿಗೆ ಜಾಗವೇ ಇರುವುದಿಲ್ಲ. ಗಟ್ಟಿ ನೋವಿನ ಗುಳಿಗೆ ಯಾಕೆ ನುಂಗುವುದಿಲ್ಲ ಎನ್ನುವವರಿಗೆ: ಅಫೀಮಿನ ಜಾತಿಯ ಮಾತ್ರೆಗಳು ಉಸಿರಾಟವನ್ನೇ ಮಂದಗೊಳಿಸಬಲ್ಲವು, ವೈದ್ಯರು ಅವನ್ನು ನನಗೆ ಅಳೆದೂ ಸುರಿದೂ ಬರೆಯುತ್ತಾರೆ.

ಇಷ್ಟು ಜನರಲ್ಲಿ ಒಬ್ಬರಾದರೂ "ರಾತ್ರಿ ಹ್ಯಾಂಗ ಮಲಗ್ತೀರಿ?" ಎಂದು ಕೇಳಿದ್ದರೆ ನಾನು ಸಿಡುಕದೆ ಉತ್ತರಿಸುತ್ತಿದ್ದೆ. ಅಂಗಾತ ಮಲಗಿದರೆ ದಮ್ಮು ಏಳುತ್ತದೆ, ಒರಗಿ ಕುಳಿತರೆ ಟೊಂಕ ಏಳುತ್ತದೆ. ಎರಡೂ ಒಟ್ಟಿಗೆ ನಿದ್ದೆ ಹೋಗುವ ಕೋನವನ್ನು ಹುಡುಕಲು ನನಗೆ ಎರಡು ವರ್ಷ ಹಿಡಿಯಿತು. ಬೆನ್ನಿಗೆ ಮೂರು ದಿಂಬು ಇಳಿಜಾರಾಗಿ, ಮೊಣಕಾಲಿನ ಕೆಳಗೆ ಸುತ್ತಿದ ಕೌದಿ. ಅದೂ ಕೈಕೊಟ್ಟ ರಾತ್ರಿ ಮೇಜಿನ ಮೇಲೆ ದಿಂಬಿಟ್ಟು, ಅದಕ್ಕೆ ಹಣೆ ಹಚ್ಚಿ, ತುಟಿ ಸಣ್ಣಗೆ ಮಾಡಿ ಮೆಲ್ಲಗೆ ಉಸಿರು ಬಿಡುತ್ತೇನೆ. ಉಸಿರಿನ ವ್ಯಾಯಾಮ ಕಲಿಸಿದ ಹುಡುಗಿ ಇದನ್ನು ಮೊದಲ ದಿನವೇ ನಾನು ಸರಿಯಾಗಿ ಮಾಡಿದ್ದಕ್ಕೆ ಬೆರಗಾದಳು. ಊದುಗೊಳವೆಗೆ ತುಟಿ ಹಚ್ಚುವುದೂ ಹೀಗೆಯೇ ಎಂದು ಅವಳಿಗೆ ಹೇಳಲು ಹೋಗಲಿಲ್ಲ.

ಮುಂದಿನ ತಿಂಗಳು ಸೇಡಂನಲ್ಲಿ ಮದುವೆಯಿದೆ, ಸೋದರತ್ತೆಯೂ ಬರುತ್ತಾರೆ. ನನ್ನ ಕುರ್ಚಿಯನ್ನು ಗೋಡೆಗೆ ತಾಗಿಸಿ ಹಾಕಬೇಕು, ಹಿಂದೆ ಒಬ್ಬರು ನಿಲ್ಲುವಷ್ಟೂ ಸಂದು ಇರಬಾರದು ಎಂದು ಮಗನಿಗೆ ಈಗಲೇ ಹೇಳಿಟ್ಟಿದ್ದೇನೆ.