ಹೊಗೆಯಿಂದ ಹಿಂದಕ್ಕೆ

ನಾವು ಓದುತ್ತಿದ್ದ ಎಂಬತ್ತರ ದಶಕದ ಕೊನೆಯಲ್ಲಿ ಮೆಕ್ಯಾನಿಕಲ್ ವಿಭಾಗದಲ್ಲಿ 14.7 ಎಂಬ ಸಂಖ್ಯೆ ಗೊತ್ತಿಲ್ಲದವರು ಇರಲಿಲ್ಲ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆ.ಜಿ. ಗಾಳಿ ಬೇಕು. ಹಾಸ್ಟೆಲಿನಲ್ಲಿ ಮಲಗಿದ್ದವನನ್ನು ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಅದು ಎಲ್ಲಿಂದ ಬಂತು ಎಂದು ಕೇಳಿದರೆ ಮಗ್ಗುಲು ಬದಲಿಸುತ್ತಿದ್ದ. ಕಾಲೇಜು ಪತ್ರಿಕೆಯ ಈ ಸಂಚಿಕೆಗೆ ಹಳೆಯ ನೆನಪು ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಕೇಳಿದಾಗ, ಕ್ರಿಕೆಟ್ಟು ಕ್ಯಾಂಟೀನುಗಳ ಬಗ್ಗೆ ಉಳಿದವರು ಹೇಗೂ ಬರೆಯುತ್ತಾರೆ, ನಾನು ಗಾಳಿಯ ಲೆಕ್ಕ ಬರೆಯುತ್ತೇನೆ ಎಂದೆ. ಅವರು ಎದುರಾಡಲಿಲ್ಲ. ಸೌಜನ್ಯವೋ ಗಾಬರಿಯೋ ತಿಳಿಯಲಿಲ್ಲ.

ಥರ್ಮೋಡೈನಮಿಕ್ಸ್ ಕಲಿಸುತ್ತಿದ್ದ ನಮ್ಮ ಮೇಷ್ಟ್ರು ಆ 14.7ನ್ನು ಬೋರ್ಡಿನ ಮೇಲೆ ಬರೆಯಲು ಬಿಡುತ್ತಲೇ ಇರಲಿಲ್ಲ. "ಪೆಟ್ರೋಲ್ ಒಂದು ವಸ್ತುವಲ್ಲಪ್ಪ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಮೊದಲು ಒಂದು ಅಣುವಿನ ಲೆಕ್ಕ ಮಾಡು, ಆಮೇಲೆ ಊರಿನ ಲೆಕ್ಕ" ಎನ್ನುತ್ತಿದ್ದರು. ಅವರ ಪಾಠ ಮೀಥೇನ್‌ನಿಂದ ಶುರುವಾಗುತ್ತಿತ್ತು. ಅದರ ಒಂದು ಇಂಗಾಲಕ್ಕೆ ಒಂದು ಆಮ್ಲಜನಕದ ಅಣು, ನಾಲ್ಕು ಜಲಜನಕಕ್ಕೆ ಇನ್ನೊಂದು, ಒಟ್ಟು ಎರಡು. ಆಕ್ಟೇನ್‌ನಲ್ಲಿ ಎಂಟು ಇಂಗಾಲ, ಹದಿನೆಂಟು ಜಲಜನಕ. ಎಂಟು ಮತ್ತು ನಾಲ್ಕೂವರೆ ಸೇರಿ ಹನ್ನೆರಡೂವರೆ. ಇಲ್ಲಿಯವರೆಗೆ ಪಿಯುಸಿ ರಸಾಯನಶಾಸ್ತ್ರ. ಆದರೆ ಎಂಜಿನ್ ಆಮ್ಲಜನಕವನ್ನು ಮಾತ್ರ ಆರಿಸಿ ಎಳೆದುಕೊಳ್ಳುವುದಿಲ್ಲ. ಗಾಳಿಯ ಗಾತ್ರದಲ್ಲಿ ಆಮ್ಲಜನಕ ಶೇ. 21, ಸಾರಜನಕ ಶೇ. 79. ಹಾಗಾಗಿ ಒಂದು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಆಮ್ಲಜನಕದ ಬೆನ್ನಿಗೆ 3.76 ಮೋಲ್ ಸಾರಜನಕವೂ ಒಳಗೆ ಬರುತ್ತದೆ. ಎರಡೂ ಸೇರಿ 4.76. ಹನ್ನೆರಡೂವರೆಯನ್ನು ಅದರಿಂದ ಗುಣಿಸಿದರೆ 59.5 ಮೋಲ್ ಗಾಳಿ. ಒಂದು ಮೋಲ್ ಗಾಳಿಯ ತೂಕ 28.97 ಗ್ರಾಂ, ಒಟ್ಟು ಸುಮಾರು 1,724 ಗ್ರಾಂ. ಒಂದು ಮೋಲ್ ಆಕ್ಟೇನ್ 114 ಗ್ರಾಂ. ಭಾಗಿಸಿದರೆ 15.1.

"ಸಾರ್, 14.7 ಬರಲಿಲ್ಲ" ಎಂದು ಯಾರೋ ಹಿಂದಿನ ಬೆಂಚಿನಿಂದ ಹೇಳಿದ. ಮೇಷ್ಟ್ರು ಇದಕ್ಕೇ ಕಾದಿದ್ದವರಂತೆ ಬೆಂಜೀನ್ ಮತ್ತು ಟೊಲುವಿನ್‌ಗಳ ಲೆಕ್ಕ ಕೊಟ್ಟರು. ಬೆಂಜೀನ್‌ಗೆ 13.2, ಟೊಲುವಿನ್‌ಗೆ 13.5 ಬಂತು. ಅದೇ ಮೀಥೇನ್‌ಗೆ 17.2, ಪ್ರೊಪೇನ್‌ಗೆ 15.6. ಒಂದು ಕೆ.ಜಿ. ಜಲಜನಕ ಉರಿಯಲು ಎಂಟು ಕೆ.ಜಿ. ಆಮ್ಲಜನಕ ಬೇಕು, ಒಂದು ಕೆ.ಜಿ. ಇಂಗಾಲಕ್ಕೆ ಎರಡೂ ಮುಕ್ಕಾಲಿಗಿಂತ ಕಡಿಮೆ ಸಾಕು. ಇಂಧನದಲ್ಲಿ ಜಲಜನಕದ ಪಾಲು ಹೆಚ್ಚಿದಷ್ಟೂ ಗಾಳಿ-ಇಂಧನದ ಈ ಅನುಪಾತ ಮೇಲೆ ಹೋಗುತ್ತದೆ, ಬೆಂಜೀನ್ ಜಾತಿಯ ಅಣುಗಳು ಸೇರಿದಷ್ಟೂ ಕೆಳಗೆ ಇಳಿಯುತ್ತದೆ. ಪೆಟ್ರೋಲಿನಲ್ಲಿ ಎರಡೂ ಇವೆ, ಆದ್ದರಿಂದ ನಡುವೆ ಎಲ್ಲೋ 14.7. ಬಾಯಿಪಾಠದ ಸಂಖ್ಯೆ ಅಂದು ನಮಗೆ ದಕ್ಕಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ನೇರ ಲೆಕ್ಕವಲ್ಲ, ತಿರುಗುಮುರುಗು ಲೆಕ್ಕ. ಒಳಗೆ ಏನು ಹೋಯಿತೆಂದು ಯಾರೂ ಹೇಳುವುದಿಲ್ಲ. ಕೈಯಲ್ಲಿರುವುದು ಹೊಗೆ ಮಾತ್ರ. ಅದರಿಂದ ಹಿಂದಕ್ಕೆ ನಡೆದು, ಉರಿದದ್ದು ಯಾವ ಇಂಧನ, ಅದರ ಜೊತೆ ಎಷ್ಟು ಗಾಳಿ ಎಂದು ಹೇಳಬೇಕು. ಇದಕ್ಕೆ ನಮ್ಮ ಪ್ರಯೋಗಾಲಯದಲ್ಲಿ ಇದ್ದದ್ದು ಹೊಗೆಯ ಅನಿಲಗಳನ್ನು ಒಂದೊಂದಾಗಿ ಅಳೆಯುವ ಆರ್ಸಾಟ್ ಉಪಕರಣ. ಬಾಗಿಲಿದ್ದ ಮರದ ಪೆಟ್ಟಿಗೆ, ಅದರೊಳಗೆ ನೀರಿನ ಕವಚದ ಗಾಜಿನ ಬ್ಯುರೆಟ್, ಪಕ್ಕದಲ್ಲಿ ಸಾಲಾಗಿ ಮೂರು ಪಿಪೆಟ್. ರಬ್ಬರ್ ಕೊಳವೆಗೆ ಸಿಕ್ಕಿಸಿದ ಸೀಸೆಯೊಂದನ್ನು ಎತ್ತಿದರೆ ಅನಿಲ ಪಿಪೆಟ್ಟಿಗೆ ಹೋಗುತ್ತದೆ, ಇಳಿಸಿದರೆ ವಾಪಸು ಬರುತ್ತದೆ. ಮೊದಲನೆಯದರಲ್ಲಿದ್ದ ಕಾಸ್ಟಿಕ್ ಪೊಟ್ಯಾಷ್ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. ಎರಡನೆಯದರ ಪೈರೋಗ್ಯಾಲಾಲ್ ದ್ರಾವಣ ಆಮ್ಲಜನಕವನ್ನು, ಮೂರನೆಯದರ ಕ್ಯುಪ್ರಸ್ ಕ್ಲೋರೈಡ್ ಕಾರ್ಬನ್ ಮೊನಾಕ್ಸೈಡನ್ನು. ಈ ಸರದಿ ತಪ್ಪುವಂತಿಲ್ಲ. ಕ್ಷಾರದಲ್ಲಿ ಕರಗಿಸಿದ ಪೈರೋಗ್ಯಾಲಾಲ್ ಮೊದಲೇ ಸಿಕ್ಕರೆ ಡೈಆಕ್ಸೈಡನ್ನೂ ನುಂಗಿಬಿಡುತ್ತದೆ. ಕಡುಕಂದು ಬಣ್ಣಕ್ಕೆ ತಿರುಗಿದ ಆ ದ್ರಾವಣದ ಪಿಪೆಟ್ಟನ್ನು ನಮ್ಮ ಲ್ಯಾಬ್ ಅಟೆಂಡರ್ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಸೀಸೆ ಎತ್ತಿ ಇಳಿಸುವ ಕೆಲಸವನ್ನು ಮಾತ್ರ ನಮಗೆ ಧಾರಾಳವಾಗಿ ಬಿಟ್ಟಿದ್ದರು. ಕೈ ಸೋಲುವವರೆಗೆ ಮಾಡಿ, ಎರಡು ಸಲ ಒಂದೇ ಅಳತೆ ಬಂದ ಮೇಲೆ ಬರೆದುಕೊಳ್ಳಬೇಕು.

ನೂರು ಮಿ.ಲೀ. ಹೊಗೆ ತೆಗೆದುಕೊಂಡಿದ್ದೇವೆ ಎನ್ನೋಣ. ಪೊಟ್ಯಾಷ್ ದಾಟಿದ ಮೇಲೆ 88 ಉಳಿಯಿತು, ಪೈರೋಗ್ಯಾಲಾಲ್ ದಾಟಿದ ಮೇಲೆ 84.3, ಮೂರನೆಯದರಲ್ಲಿ ಏನೂ ಕಡಿಮೆಯಾಗಲಿಲ್ಲ. ಅಂದರೆ ಡೈಆಕ್ಸೈಡ್ 12, ಆಮ್ಲಜನಕ 3.7, ಮಿಕ್ಕದ್ದೆಲ್ಲ ಸಾರಜನಕ. ಉರಿದಾಗ ಹುಟ್ಟಿದ ನೀರು ತಣಿದು ಕೆಳಗಿಳಿದಿರುತ್ತದೆ, ಉಪಕರಣಕ್ಕೆ ಅದು ಕಾಣುವುದೇ ಇಲ್ಲ. ಹಾಗಾದರೆ ಇಂಧನದಲ್ಲಿ ಜಲಜನಕ ಎಷ್ಟಿತ್ತು ಎಂದು ಹೇಗೆ ಹೇಳುವುದು? ಮೇಷ್ಟ್ರು ಪ್ರಶ್ನೆ ಕೇಳಿ ಸುಣ್ಣದ ಕಡ್ಡಿ ಕೆಳಗಿಟ್ಟು ಕಿಟಕಿಯ ಬಳಿ ನಿಂತರು. ಯಾರೂ ಉಸಿರೆತ್ತಲಿಲ್ಲ. "ಸಾರಜನಕವನ್ನು ಕೇಳ್ರಯ್ಯ. ಅದು ಯಾರ ಜಗಳಕ್ಕೂ ಹೋಗದೆ ಬಂದ ಹಾಗೇ ಹೊರಟ ಸಾಕ್ಷಿ" ಎಂದರು. (ಅತಿ ಬಿಸಿಯಲ್ಲಿ ಅದೂ ಸ್ವಲ್ಪ ಆಕ್ಸೈಡ್ ಆಗುವುದುಂಟು, ಆದರೆ ಈ ಲೆಕ್ಕವನ್ನು ಕದಲಿಸುವಷ್ಟಲ್ಲ.)

84.3ನ್ನು 3.76ರಿಂದ ಭಾಗಿಸಿದರೆ 22.42. ಒಳಗೆ ಬಂದ ಆಮ್ಲಜನಕ ಅಷ್ಟು. ಅದರಲ್ಲಿ 12 ಡೈಆಕ್ಸೈಡಿನಲ್ಲಿದೆ, 3.7 ಹಾಗೇ ಹೊರಬಂದಿದೆ. ಲೆಕ್ಕಕ್ಕೆ ಸಿಗದ 6.72 ಎಲ್ಲಿ? ಕಣ್ಣಿಗೆ ಬೀಳದ ಆ ನೀರಿನಲ್ಲಿ. ನೀರಿನ ಅಣು ಅದರ ಎರಡರಷ್ಟು, ಜಲಜನಕದ ಪರಮಾಣು ನಾಲ್ಕರಷ್ಟು, ಅಂದರೆ 26.9. ಹನ್ನೆರಡು ಇಂಗಾಲಕ್ಕೆ 26.9 ಜಲಜನಕ ಎಂದರೆ ಒಂದಕ್ಕೆ 2.24. ಆಕ್ಟೇನ್‌ನಲ್ಲಿ ಅದು 2.25! ಇಂಧನದ ತೂಕ 171, ಗಾಳಿಯ ತೂಕ ಸುಮಾರು 3,092, ಅನುಪಾತ 18.1. ಪೂರ್ತಿ ದಹನಕ್ಕೆ ಬೇಕಾದ 15.1ಕ್ಕಿಂತ ಶೇ. 20ರಷ್ಟು ಹೆಚ್ಚು ಗಾಳಿ. ಎಂಜಿನ್ ಬಿಚ್ಚದೆ, ಟ್ಯಾಂಕಿನ ಮುಚ್ಚಳ ತೆಗೆಯದೆ ಇಷ್ಟನ್ನೂ ಹೇಳಬಹುದಲ್ಲ ಎಂದು ನನಗೆ ಆದ ಸಂತೋಷವನ್ನು ಇಂದಿಗೂ ಮುಚ್ಚಿಡಲಾರೆ.

ಇದೇ ಲೆಕ್ಕದ ದೌರ್ಬಲ್ಯವನ್ನೂ ಅವರೇ ತೋರಿಸಿದರು. ಆಮ್ಲಜನಕವನ್ನು 3.7 ಎಂದೇ ಇಟ್ಟು, ಡೈಆಕ್ಸೈಡನ್ನು ಮಾತ್ರ 12ರ ಬದಲು 11.5 ಎಂದು ಓದಿದರೆ ಜಲಜನಕ-ಇಂಗಾಲದ ಪ್ರಮಾಣ 2.24ರಿಂದ 2.56ಕ್ಕೆ ಹಾರುತ್ತದೆ. ಕಳೆದು ಕಳೆದು ಕೊನೆಗೆ ಉಳಿದದ್ದರ ಮೇಲೆ ಎಲ್ಲ ತಪ್ಪೂ ಹೋಗಿ ಕೂರುವುದೇ ಕಾರಣ. ಅನುಪಾತ ಮಾತ್ರ 18.1ರಿಂದ 18.6ಕ್ಕೆ ಸರಿಯುತ್ತದೆ, ಅಷ್ಟೇ. ಆದ್ದರಿಂದ ಹೊಗೆಯನ್ನು ನೋಡಿ ಗಾಳಿಯ ಬಗ್ಗೆ ಧೈರ್ಯವಾಗಿ ಮಾತಾಡಬಹುದು, ಇಂಧನದ ಕುಲಗೋತ್ರದ ಬಗ್ಗೆ ತುಸು ತಗ್ಗಿ ಮಾತಾಡಬೇಕು. ಪಠ್ಯಪುಸ್ತಕಗಳು ಈ ಮಾತನ್ನು ಯಾಕೆ ಒತ್ತಿ ಹೇಳುವುದಿಲ್ಲವೋ ಕಾಣೆ.

ಡೀಸೆಲ್ ಎಂಜಿನ್ನಿನ ಪ್ರಯೋಗವೂ ಇತ್ತು. ಒಂದೇ ಸಿಲಿಂಡರಿನ ಐದು ಅಶ್ವಶಕ್ತಿಯ ಕಿರ್ಲೋಸ್ಕರ್. ಒಳಗೆ ಹೋಗುವ ಗಾಳಿಯನ್ನು ಅಳೆಯಲು ಗಾಳಿಪೆಟ್ಟಿಗೆಯ ರಂಧ್ರದ ಎರಡು ಬದಿಯ ಒತ್ತಡವನ್ನು ಮ್ಯಾನೊಮೀಟರಿನಲ್ಲಿ ಒಬ್ಬ ಓದುವುದು, 10 ಮಿ.ಲೀ. ಡೀಸೆಲ್ ಖರ್ಚಾಗುವ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಇನ್ನೊಬ್ಬ ಹಿಡಿಯುವುದು. ಹೊರೆ ಇಲ್ಲದಾಗ ಒಂದೂವರೆ ನಿಮಿಷಕ್ಕೂ ಮಿಕ್ಕಿ ಬಾಳುತ್ತಿದ್ದ ಆ ಡೀಸೆಲ್, ಪೂರ್ತಿ ಹೊರೆಯಲ್ಲಿ ಅರ್ಧ ನಿಮಿಷಕ್ಕೆ ಮುಗಿಯುತ್ತಿತ್ತು. ಗಾಳಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಗಂಟೆಗೆ ಸುಮಾರು 24 ಕೆ.ಜಿ. ಹಾಗಾಗಿ ಅನುಪಾತ ಎಂಬತ್ತರ ಹತ್ತಿರದಿಂದ ಇಪ್ಪತ್ತೈದಕ್ಕೆ ಇಳಿಯುತ್ತದೆ. ಡೀಸೆಲ್ ಎಂಜಿನ್ ಗಾಳಿಯನ್ನು ತಡೆಯುವುದಿಲ್ಲ, ಇಂಧನವನ್ನಷ್ಟೇ ಅಳೆದು ಹಾಕುತ್ತದೆ.

ಪೆಟ್ರೋಲ್ ಗಾಡಿಯ ಕಥೆ ಬೇರೆ. ನಮ್ಮದು ಮೈಸೂರು, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಆಗ ಇನ್ನೂ ನಡೆಯುತ್ತಿತ್ತು, ಕಾಲೇಜಿನ ಸ್ಟ್ಯಾಂಡಿನಲ್ಲಿ ಜಾವಾ, ಯೆಜ್ಡಿಗಳ ಸಾಲು. ಚಳಿಗಾಲದ ಬೆಳಗ್ಗೆ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರಿನ ಟಿಕ್ಲರ್ ಗುಂಡಿ ಒತ್ತಿ ಪೆಟ್ರೋಲ್ ತೊಟ್ಟಿಕ್ಕಿದ ಮೇಲೆ ಕಿಕ್ ಹೊಡೆಯಬೇಕು. ತಣ್ಣಗಿನ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಅದಕ್ಕೇ ಹೆಚ್ಚು ಕೊಡಬೇಕು. ಸರಸ್ವತಿಪುರದ ಮೆಕ್ಯಾನಿಕ್ ಒಬ್ಬರು ಪ್ಲಗ್ ಬಿಚ್ಚಿ ಬಣ್ಣ ನೋಡಿಯೇ ತೀರ್ಪು ಕೊಡುತ್ತಿದ್ದರು. ಮಸಿಗಪ್ಪಾದರೆ ರಿಚ್ (ಪೆಟ್ರೋಲ್ ಹೆಚ್ಚು), ಸುಣ್ಣದಂತೆ ಬಿಳಿಚಿದರೆ ಲೀನ್ (ಗಾಳಿ ಹೆಚ್ಚು), ಬಿಸ್ಕತ್ತಿನ ಬಣ್ಣವಾದರೆ ಸರಿ. ನನ್ನ ಸಹಪಾಠಿಯೊಬ್ಬ ಮಡಿಕೇರಿಗೆ ಹೋಗಿಬಂದು, ಅಲ್ಲಿ ಗಾಳಿ ತೆಳು, ಅದಕ್ಕೇ ಗಾಡಿ ವಿಪರೀತ ಪೆಟ್ರೋಲ್ ಕುಡಿಯಿತು ಎಂದ. ಮೇಷ್ಟ್ರು ಬಿಡುತ್ತಾರೆಯೇ? ಮೈಸೂರಿಗಿಂತ ಮಡಿಕೇರಿ ಸುಮಾರು 400 ಮೀಟರ್ ಎತ್ತರ, ಗಾಳಿಯ ಸಾಂದ್ರತೆ ಶೇ. 4ರಷ್ಟು ಕಡಿಮೆ, ಕಾರ್ಬ್ಯುರೇಟರ್ ಅದರ ವರ್ಗಮೂಲದ ಪ್ರಕಾರ ನಡೆಯುತ್ತದೆ, ಆದ್ದರಿಂದ ಮಿಶ್ರಣ ಹೆಚ್ಚೆಂದರೆ ಶೇ. 2 ರಿಚ್. "ಉಳಿದದ್ದೆಲ್ಲ ನಿನ್ನ ಬಲಗೈ" ಎಂದರು.

ಆಮೇಲೆ ನಾನು ಕೆಲಸ ಮಾಡಿದ್ದು ತೈಲದ ಕುಲುಮೆಗಳ ಬಳಿ. ಅಲ್ಲಿ ಆರ್ಸಾಟ್ ಪೆಟ್ಟಿಗೆ ಹೋಗಿ ವಿದ್ಯುನ್ಮಾನ ಮಾಪಕ ಬಂದಿತ್ತು. ಚಿಮಣಿಯಲ್ಲಿ ಆಮ್ಲಜನಕ ಶೇ. 3 ಎಂದು ತೋರಿಸಿದರೆ, ಗಾಳಿಯ 21ರಲ್ಲಿ ಮೂರು ಕಳೆದು ಉಳಿದ ಹದಿನೆಂಟರಿಂದ ಮೂರನ್ನು ಭಾಗಿಸು, ಹೆಚ್ಚುವರಿ ಗಾಳಿ ಶೇ. 17ರ ಹತ್ತಿರ. ಅಂದಾಜಿಗೆ ಇಷ್ಟು ಸಾಕು.

ಮೊನ್ನೆ ಅದೇ ಮಡಿಕೇರಿ ಸಹಪಾಠಿ ಫೋನ್ ಮಾಡಿದ. ಹಳೆಯ ಯೆಜ್ಡಿಯನ್ನು ದುರಸ್ತಿ ಮಾಡಿಸಿ ಇಟ್ಟುಕೊಂಡಿದ್ದಾನೆ. ಬಂಕಿನಲ್ಲಿ ಈಗ ಶೇ. 20 ಎಥನಾಲ್ ಬೆರೆತ ಪೆಟ್ರೋಲ್, ಪ್ಲಗ್ ಬಿಳಿಚುತ್ತಿದೆಯಂತೆ. ಎಥನಾಲ್ ಹೈಡ್ರೋಕಾರ್ಬನ್ ಅಲ್ಲ, ತನ್ನ ಅಣುವಿನಲ್ಲೇ ಒಂದು ಆಮ್ಲಜನಕವನ್ನು ಹೊತ್ತು ತರುತ್ತದೆ, ಅದಕ್ಕೆ ಒಂಬತ್ತು ಪಾಲು ಗಾಳಿ ಸಾಕು. ತೂಕದಲ್ಲಿ ಶೇ. 21ರಷ್ಟು ಎಥನಾಲ್ ಎಂದರೆ ಮಿಶ್ರಣಕ್ಕೆ ಬೇಕಾದ ಅನುಪಾತ 13.5. ಹೊಸ ಗಾಡಿಗಳಲ್ಲಿ ಹೊಗೆಕೊಳವೆಯ ಆಮ್ಲಜನಕ ಸಂವೇದಕ ಇದನ್ನು ತಿಳಿದು ಇಂಧನ ಹೆಚ್ಚಿಸುತ್ತದೆ. ಕಾರ್ಬ್ಯುರೇಟರಿಗೆ ಅದು ತಿಳಿಯುವುದಿಲ್ಲ, ಹಳೆಯ ಲೆಕ್ಕದಲ್ಲೇ ಕೊಟ್ಟು ಶೇ. 9ರಷ್ಟು ಲೀನ್ ಆಗುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಇದು ಒಳ್ಳೆಯದಲ್ಲ, ಪಿಸ್ಟನ್ ಕಾದು ಕಚ್ಚಿಕೊಳ್ಳಬಹುದು. ಶೇ. 9 ಹೆಚ್ಚು ಹರಿಯಬೇಕಾದರೆ ಪೆಟ್ರೋಲ್ ಹೊರಬರುವ ಜೆಟ್ಟಿನ ರಂಧ್ರದ ವ್ಯಾಸ ಶೇ. 4ಕ್ಕಿಂತ ಸ್ವಲ್ಪ ಹೆಚ್ಚಬೇಕು. ಒಂದು ಮಿ.ಮೀ. ಇದ್ದದ್ದು 1.04 ಆಗಬೇಕು. ಅಷ್ಟು ಸಣ್ಣ ಡ್ರಿಲ್ ಬಿಟ್ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಜೆಟ್ ಕೊರೆಯಲು ಹೋಗಬೇಡ ಮಾರಾಯ, ಒಂದು ನಂಬರ್ ದೊಡ್ಡದನ್ನೇ ಕೊಂಡು ಹಾಕಿಸು, ಒಂದು ವಾರ ಓಡಿಸಿ ಪ್ಲಗ್ ಬಿಚ್ಚಿ ನೋಡು ಎಂದಿದ್ದೇನೆ.